ಮಾತ್ರೆಗೂ ಮೊದಲು ಶುಗರ್ ನೋಡಿಸಿ: ನಿಮಿರುವಿಕೆಯ ತೊಂದರೆಗೆ ಮಲೆನಾಡಿನ ಗಂಡಸರಿಗೊಂದು ಮಾರ್ಗದರ್ಶಿ

ನಮ್ಮ ಕಡೆಯ ಬಸ್ ಸ್ಟ್ಯಾಂಡುಗಳ ಮೂತ್ರಾಲಯದ ಗೋಡೆ ಮೇಲೆ ಅಂಟಿಸಿದ ಚೀಟಿಗಳನ್ನು ನೀವೂ ನೋಡಿರುತ್ತೀರಿ. ಗುಪ್ತರೋಗ, ನರದೌರ್ಬಲ್ಯ, ಗಂಡಸ್ತನದ ಕೊರತೆ, ಎಲ್ಲದಕ್ಕೂ ಗ್ಯಾರಂಟಿ ಚಿಕಿತ್ಸೆ. ಕೆಳಗೊಂದು ಮೊಬೈಲ್ ನಂಬರ್. ತಿಂಗಳಿಗೊಮ್ಮೆ ಇಂಥ ಲಾಡ್ಜಿನ ಇಂಥ ರೂಮಿನಲ್ಲಿ ಸಿಗುತ್ತೇವೆ ಅಂತ ಒಂದು ಸಾಲು. ಲಿಂಗ ಸರಿಯಾಗಿ ನಿಮಿರುವುದಿಲ್ಲ ಅನ್ನುವ ತೊಂದರೆ ಬಗ್ಗೆ ಊರಲ್ಲಿ ಯಾರೂ ಮಾತಾಡುವುದಿಲ್ಲ. ಮಾತಾಡುವವನು ಈ ಚೀಟಿಯವನೊಬ್ಬನೇ. ಜನ ಅವನ ಹತ್ತಿರವೇ ಹೋಗುವುದರಲ್ಲಿ ಆಶ್ಚರ್ಯ ಏನಿದೆ?

ಆದರೆ ಹೋಗಬೇಕಾದ ಜಾಗ ಅದಲ್ಲ. ನಲವತ್ತು ದಾಟಿದ ಗಂಡಸಿಗೆ ಈ ತೊಂದರೆ ಬಂತು ಅಂದರೆ ಹೆಚ್ಚಿನ ಸಲ ಅದರ ಬೇರು ರಕ್ತನಾಳದಲ್ಲಿ, ಶುಗರ್‌ನಲ್ಲಿ, ಬಿಪಿಯಲ್ಲಿ ಇರುತ್ತದೆ. ಹಾಗಾಗಿ ಮೊದಲ ಮಾತ್ರೆ ನುಂಗುವ ಮುಂಚೆ ಮೊದಲ ರಕ್ತಪರೀಕ್ಷೆ ಆಗಬೇಕು. ಕ್ರಮ ತಪ್ಪಿದರೆ ದುಡ್ಡು ಹೋಗುತ್ತದೆ, ಕೆಲವೊಮ್ಮೆ ಜೀವಕ್ಕೂ ಅಪಾಯ.

ಮೊದಲು: ಇದು ನಿಜವಾಗಿ ತೊಂದರೆಯೇ?

ಒಂದು ದಿನ ಆಗಲಿಲ್ಲ, ಎರಡು ದಿನ ಆಗಲಿಲ್ಲ ಅಂದರೆ ಅದು ಕಾಯಿಲೆಯಲ್ಲ. ಅಡಿಕೆ ಗೊನೆ ಕೊಯ್ಲಿನ ಸಮಯದಲ್ಲಿ ದಿನವಿಡೀ ದುಡಿದು, ರಾತ್ರಿ ಅಡಿಕೆ ಸುಲಿಸಿ, ಹನ್ನೊಂದು ಗಂಟೆಗೆ ಮಲಗಿದವನಿಗೆ ದೇಹ ಸಾಥ್ ಕೊಡದಿದ್ದರೆ ಅದು ಸುಸ್ತು. ಜಾಸ್ತಿ ಕುಡಿದ ರಾತ್ರಿಯೂ ಲೆಕ್ಕಕ್ಕಿಲ್ಲ. ನಿಮಿರುವುದೇ ಇಲ್ಲ, ಅಥವಾ ನಿಮಿರಿದರೂ ಸಂಭೋಗ ಮುಗಿಯುವ ತನಕ ನಿಲ್ಲುವುದಿಲ್ಲ, ಇದು ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೀಗೇ ಇದೆ ಅಂದರೆ ಮಾತ್ರ ತೋರಿಸಬೇಕಾದ ವಿಷಯ.

ಇದರ ಜೊತೆ ಬೇರೆ ಎರಡು ವಿಷಯಗಳನ್ನು ಬೆರೆಸಬೇಡಿ. ಬೇಗ ವೀರ್ಯ ಹೋಗುವುದು ಬೇರೆ ತೊಂದರೆ, ಅದರ ಚಿಕಿತ್ಸೆಯೂ ಬೇರೆ. ಮಕ್ಕಳಾಗದಿರುವುದು ಇನ್ನೂ ಬೇರೆ. ನಿಮಿರುವಿಕೆ ಚೆನ್ನಾಗಿದ್ದೂ ವೀರ್ಯಾಣು ಕಮ್ಮಿ ಇರಬಹುದು, ನಿಮಿರದಿದ್ದರೂ ವೀರ್ಯಾಣು ಸರಿಯಾಗಿರಬಹುದು. ಹಾಗೇ ಮೂತ್ರದಲ್ಲಿ, ನಿದ್ದೆಯಲ್ಲಿ ‘ಧಾತು ಹೋಗುತ್ತಿದೆ, ಅದಕ್ಕೇ ಶಕ್ತಿ ಇಲ್ಲ’ ಅನ್ನುವ ಹೆದರಿಕೆ. ನಿದ್ದೆಯಲ್ಲಿ ಸ್ಖಲನವಾಗುವುದು ಸಹಜ, ಅದರಿಂದ ಯಾವ ಶಕ್ತಿಯೂ ಸೋರಿಹೋಗುವುದಿಲ್ಲ. ಹಸ್ತಮೈಥುನದಿಂದ ನರ ಸೋಲುವುದಿಲ್ಲ. ಹೆದರಿಕೆಯಿಂದ ಮಾತ್ರ ನಿಮಿರುವಿಕೆ ಖಂಡಿತ ಕೈಕೊಡುತ್ತದೆ, ಗೋಡೆ ಚೀಟಿಯವರ ವ್ಯಾಪಾರ ನಡೆಯುವುದೇ ಅದರಿಂದ.

ನಿಮಗೊಬ್ಬರಿಗೇ ಹೀಗೆ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನು ಕೇಳಿ ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ಅದರಲ್ಲಿ ಶೇ 52ರಷ್ಟು ಜನರಿಗೆ ಸ್ವಲ್ಪವೋ ಜಾಸ್ತಿಯೋ ಈ ತೊಂದರೆ ಇತ್ತು. ನಮ್ಮೂರ ಗಂಡಸರು ಅವರಿಗಿಂತ ಬಹಳ ಬೇರೆ ಅಂತ ನನಗೇನೂ ಅನ್ನಿಸುವುದಿಲ್ಲ. ಇಲ್ಲಿ ಯಾರೂ ಬಾಯಿಬಿಡುವುದಿಲ್ಲ, ಅಷ್ಟೇ.

ಒಳಗೆ ಏನಾಗುತ್ತದೆ

ಮನಸ್ಸಿಗೆ ಆಸೆ ಬಂದಾಗ ನರಗಳಿಂದ ನೈಟ್ರಿಕ್ ಆಕ್ಸೈಡ್ ಅನ್ನುವ ವಸ್ತು ಬಿಡುಗಡೆಯಾಗುತ್ತದೆ. ಅದು ಲಿಂಗದ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಒಳಗಿನ ಸ್ಪಂಜಿನಂಥ ಭಾಗಕ್ಕೆ ರಕ್ತ ನುಗ್ಗುತ್ತದೆ, ವಾಪಸ್ ಹೋಗುವ ದಾರಿ ಒತ್ತಿಕೊಂಡು ಮುಚ್ಚುತ್ತದೆ. ಇಷ್ಟೇ ನಿಮಿರುವಿಕೆ. ಮೂಳೆಯೂ ಇಲ್ಲ, ಕೈಕಾಲಿನಂಥ ಸ್ನಾಯುಬಲವೂ ಅಲ್ಲ. ಹಾಗಾಗಿ ರಕ್ತ ಸರಿಯಾಗಿ ಹರಿಯದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ.

ಲಿಂಗಕ್ಕೆ ರಕ್ತ ತರುವ ನಾಳ 1ರಿಂದ 2 ಮಿಲಿಮೀಟರ್ ಅಗಲದ್ದು. ಹೃದಯದ ನಾಳ 3ರಿಂದ 4 ಮಿಲಿಮೀಟರ್. ತೋಟದ ಡ್ರಿಪ್ಪಿನಲ್ಲಿ ಕೆಸರು ಕಟ್ಟಿದರೆ ಮೊದಲು ನೀರು ನಿಲ್ಲುವುದು ಸಣ್ಣ ನಳಿಕೆಯಲ್ಲಿ, ದೊಡ್ಡ ಪೈಪಿನಲ್ಲಿ ಅಲ್ಲ. ಅದೇ ಕಥೆ ಇಲ್ಲೂ. ಕೊಬ್ಬು ಕಟ್ಟಿ ನಾಳ ಗಟ್ಟಿಯಾಗುತ್ತಿದ್ದರೆ ನಿಮಿರುವಿಕೆಯ ತೊಂದರೆ ಮೊದಲು ಕಾಣುತ್ತದೆ, ಎದೆನೋವು ಎಷ್ಟೋ ಜನರಲ್ಲಿ ಎರಡು-ಮೂರು ವರ್ಷ, ಕೆಲವರಲ್ಲಿ ಐದು ವರ್ಷ ಬಿಟ್ಟು ಬರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಆ ಎರಡು-ಮೂರು ವರ್ಷದ ಅವಕಾಶ ಕೈತಪ್ಪಿ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ತೊಂದರೆ ಉಳಿದವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ, ಬರುವುದೂ ಬೇಗ. ಸಕ್ಕರೆ ನಾಳವನ್ನೂ ಕೆಡಿಸುತ್ತದೆ, ನರವನ್ನೂ ಕೆಡಿಸುತ್ತದೆ.

ಒಂದೆರಡು ವಾರ ನೀವೇ ಗಮನಿಸಿ

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ. ಬೆಳಗಿನ ಜಾವ ಎದ್ದಾಗ ತಾನಾಗಿ ನಿಮಿರಿರುತ್ತದೆಯೇ? ಶುರುವಾದದ್ದು ನಿಧಾನಕ್ಕೋ, ಒಂದು ದಿನ ಇದ್ದಕ್ಕಿದ್ದಂತೆಯೋ? ಎಲ್ಲ ಸಂದರ್ಭದಲ್ಲೂ ಹೀಗೆಯೋ, ಹೆಂಡತಿ ಜೊತೆ ಇದ್ದಾಗ ಮಾತ್ರವೋ? ದಿನಾ ತಗೊಳ್ಳುವ ಮಾತ್ರೆಗಳು ಯಾವುವು?

ಬೆಳಗಿನದ್ದು ಸರಿಯಾಗಿದೆ, ಒಬ್ಬರೇ ಇದ್ದಾಗ ತೊಂದರೆಯಿಲ್ಲ, ಇದ್ದಕ್ಕಿದ್ದಂತೆ ಶುರುವಾಯಿತು ಅಂದರೆ ಪೈಪ್ ಲೈನ್ ಸರಿಯಿದೆ, ಮನಸ್ಸಿನಲ್ಲಿ ಏನೋ ಅಡ್ಡ ನಿಂತಿದೆ ಅಂತ ಅಂದಾಜು. ಬೆಳಗಿನದ್ದೂ ಇಲ್ಲ, ವರ್ಷದಿಂದ ನಿಧಾನಕ್ಕೆ ಇಳಿಯುತ್ತಾ ಬಂದಿದೆ ಅಂದರೆ ದೇಹದ ಕಡೆ ನೋಡಬೇಕು. ಇದು ಅಂದಾಜು ಮಾತ್ರ. ಎಷ್ಟೋ ಜನರಲ್ಲಿ ಎರಡೂ ಸೇರಿರುತ್ತವೆ: ಶುಗರ್‌ನಿಂದ ಶುರುವಾಗುತ್ತದೆ, ‘ಇವತ್ತೂ ಆಗದಿದ್ದರೆ?’ ಅನ್ನುವ ಭಯ ಅದನ್ನು ಪೂರ್ತಿ ಮಾಡುತ್ತದೆ.

ಮಾತ್ರೆಗಳ ಪಟ್ಟಿ ಮುಖ್ಯ. ಬಿಪಿಗೆ ಕೊಡುವ ಕೆಲವು ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್, ಇವು ಕೆಲವರಲ್ಲಿ ನಿಮಿರುವಿಕೆ ಕುಗ್ಗಿಸುತ್ತವೆ. ಹಾಗಂತ ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿದರೆ ಬದಲಿ ಮಾತ್ರೆ ಬರೆದುಕೊಡಬಹುದು, ಆಯ್ಕೆಗಳು ಬೇಕಾದಷ್ಟಿವೆ.

ಬಾಯಿ ಬಿಡುವುದು

ಇಡೀ ಚಿಕಿತ್ಸೆಯಲ್ಲಿ ಕಷ್ಟದ್ದು ಇದೇ. ಬೆಂಗಳೂರಿನಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ. ಇಲ್ಲಿ ಹಾಗಲ್ಲ. ಹೊಸನಗರದಲ್ಲೋ ಕೊಪ್ಪದಲ್ಲೋ ಔಷಧಿ ಅಂಗಡಿಗೆ ಹೋದರೆ ಕೌಂಟರಿನಲ್ಲಿ ನಿಂತವನು ನಿಮ್ಮ ತಂಗಿಯ ಗಂಡನ ಸಹಪಾಠಿ. ಆಸ್ಪತ್ರೆ ಬೆಂಚಿನಲ್ಲಿ ಪಕ್ಕ ಕೂತವರು ‘ಏನ್ ಮಾರಾಯ್ರೆ, ಹುಷಾರಿಲ್ವಾ?’ ಅಂತ ಕೇಳಿಯೇ ಕೇಳುತ್ತಾರೆ. ‘ಶುಗರ್ ಚೆಕ್ ಮಾಡಿಸೋಕೆ ಬಂದೆ’ ಅನ್ನಿ. ಅದು ಸುಳ್ಳೂ ಅಲ್ಲ.

ಮೊದಲು ಹೋಗಬೇಕಾದದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ. ಬಿಪಿ, ಶುಗರ್ ನೋಡುವುದು ಅಲ್ಲೇ ಆಗುತ್ತದೆ. ಊರಲ್ಲಿ ಬೇಡವೇ ಬೇಡ ಅನ್ನಿಸಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಹೊರರೋಗಿ ಚೀಟಿ ಮಾಡಿಸಿ. ಅದು ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ, ಅಲ್ಲಿನ ಜನಸಂದಣಿಯಲ್ಲಿ ನಿಮ್ಮನ್ನು ಗುರುತಿಸುವವರು ಕಮ್ಮಿ. ಮೂತ್ರರೋಗ ತಜ್ಞರು ಶಿವಮೊಗ್ಗ ನಗರದಲ್ಲಿ ಸಿಗುತ್ತಾರೆ, ಆದರೆ ಎಲ್ಲರೂ ಮೊದಲ ದಿನವೇ ತಜ್ಞರ ಹತ್ತಿರ ಓಡಬೇಕಿಲ್ಲ. ಎದುರು ಕೂತು ಹೇಳುವುದೇ ಆಗುವುದಿಲ್ಲ ಅನ್ನುವವರು ಸರ್ಕಾರದ ಇ-ಸಂಜೀವಿನಿಯಲ್ಲಿ ಫೋನಿನಿಂದಲೇ ಮೊದಲ ಮಾತು ಆಡಬಹುದು. ಬೆಟ್ಟದ ಮೇಲಿನ ಮನೆಯಲ್ಲಿ ಸಿಗ್ನಲ್ ಸಿಕ್ಕರೆ!

ಒಳಗೆ ಹೋದ ಮೇಲೆ ಸುತ್ತಿ ಬಳಸಿ ಹೇಳಬೇಡಿ. ‘ಸ್ವಲ್ಪ ವೀಕ್‌ನೆಸ್’ ಅಂದರೆ ಡಾಕ್ಟರು ವಿಟಮಿನ್ ಮಾತ್ರೆ ಬರೆದು ಕಳಿಸುತ್ತಾರೆ, ನೀವು ಅದನ್ನು ತಿಂದು ಮತ್ತೆ ಮೂರು ತಿಂಗಳು ಕಳೆಯುತ್ತೀರಿ. ಹೀಗೆ ಹೇಳಿ: ‘ಡಾಕ್ಟ್ರೇ, ಆರು ತಿಂಗಳಿಂದ ನನಗೆ ನಿಮಿರುವಿಕೆ ಸರಿಯಾಗಿ ಆಗ್ತಿಲ್ಲ. ಬೆಳಿಗ್ಗೆನೂ ಆಗಲ್ಲ. ಶುಗರ್, ಬಿಪಿ, ಕೊಲೆಸ್ಟರಾಲ್ ನೋಡಿ.’ ಮೂರು ವಾಕ್ಯ, ಅಷ್ಟೇ. ರೂಮಿನಲ್ಲಿ ನರ್ಸ್ ಇದ್ದರೆ, ಬೇರೆ ರೋಗಿ ಇದ್ದರೆ, ‘ಸ್ವಲ್ಪ ಒಬ್ಬರೇ ಮಾತಾಡಬೇಕಿತ್ತು’ ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದೂ ಆಗದಿದ್ದರೆ ಬರೆದ ಚೀಟಿಯನ್ನೇ ಮೇಜಿನ ಮೇಲಿಡಿ.

ಯಾವ ಪರೀಕ್ಷೆ

ಬಹಳ ಇಲ್ಲ. ಬಿಪಿ. ಸೊಂಟದ ಸುತ್ತಳತೆ. ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಜಾಸ್ತಿ, ಎಚ್‌ಬಿಎ1ಸಿ 6.5 ಅಥವಾ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ, ಇನ್ನೊಂದು ಸಲ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಜೊತೆಗೆ ಕೊಲೆಸ್ಟರಾಲ್. ಆಸೆಯೇ ಕಮ್ಮಿಯಾಗಿದ್ದರೆ ಟೆಸ್ಟೋಸ್ಟಿರೋನ್ ಹಾರ್ಮೋನು ನೋಡುತ್ತಾರೆ. ಇದನ್ನು ಬೆಳಿಗ್ಗೆ ಹತ್ತು-ಹನ್ನೊಂದರೊಳಗೇ ಕೊಡಬೇಕು, ಮಧ್ಯಾಹ್ನದ ಹೊತ್ತಿಗೆ ಅದು ತಾನಾಗಿ ಇಳಿಯುತ್ತದೆ. ತೀರ್ಥಹಳ್ಳಿ ಆಚೆಯಿಂದ ಬರುವವರು ಮೊದಲ ಬಸ್ಸಿಗೇ ಹೊರಡಬೇಕು. ಒಮ್ಮೆ ಕಮ್ಮಿ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸದೆ ಚಿಕಿತ್ಸೆ ಶುರು ಮಾಡುವ ಹಾಗಿಲ್ಲ.

ಜಿಮ್ಮಿನ ಹುಡುಗರಿಗೆ ಒಂದು ಮಾತು: ಪರೀಕ್ಷೆಯಿಲ್ಲದೆ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಹಾಕಿಸಿಕೊಂಡರೆ ದೇಹ ವೀರ್ಯಾಣು ತಯಾರಿಸುವುದನ್ನೇ ನಿಲ್ಲಿಸಬಹುದು. ಮಕ್ಕಳು ಬೇಕು ಅನ್ನುವ ವಯಸ್ಸಿನಲ್ಲಿ ಈ ಕೆಲಸ ಮಾಡಬೇಡಿ.

ಮಾತ್ರೆಯಿಲ್ಲದೆ ಏನು ಮಾಡಬಹುದು

ಹೊಗೆಸೊಪ್ಪು ಬಿಡುವುದು ಮೊದಲನೆಯದು. ಸಿಗರೇಟು, ಬೀಡಿ, ಗುಟ್ಕಾ, ಕವಳಕ್ಕೆ (ಎಲೆಅಡಿಕೆಗೆ) ಹಾಕುವ ಹೊಗೆಸೊಪ್ಪಿನ ಎಸಳು, ಎಲ್ಲದರಲ್ಲೂ ಇರುವ ನಿಕೋಟಿನ್ ನಾಳವನ್ನು ಹಿಂಡುತ್ತದೆ. ಅಡಿಕೆಯ ಬಗ್ಗೆ ಮಲೆನಾಡಿನಲ್ಲಿ ಮಾತೆತ್ತಿದರೆ ಜಗಳವೇ ಆಗುತ್ತದೆ, ಆ ಜಗಳ ಇನ್ನೊಂದು ದಿನಕ್ಕಿರಲಿ. ‘ನಾನು ಸೇದಲ್ಲ, ಬರೀ ಕವಳ’ ಅನ್ನುವವರು ಆ ಕವಳದಲ್ಲಿ ಹೊಗೆಸೊಪ್ಪು ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಎರಡನೆಯದು ನಡಿಗೆ. ‘ದಿನಾ ತೋಟ ಸುತ್ತುತ್ತೇನೆ, ನನಗೆ ಬೇರೆ ವಾಕಿಂಗ್ ಯಾಕೆ?’ ಅನ್ನುವ ಪ್ರಶ್ನೆ ಬರುತ್ತದೆ. ಕೈಯಲ್ಲಿ ಕತ್ತಿ ಹಿಡಿದು, ಬಿದ್ದ ಅಡಿಕೆ ಹೆಕ್ಕುತ್ತಾ, ಆಳುಗಳ ಜೊತೆ ಮಾತಾಡುತ್ತಾ ಸುತ್ತುವುದು ವ್ಯಾಯಾಮವಲ್ಲ. ಉಸಿರು ಸ್ವಲ್ಪ ಏರಬೇಕು, ಮಾತಾಡಲು ಬರಬೇಕು ಆದರೆ ಹಾಡಲು ಬರಬಾರದು. ವಾರಕ್ಕೆ ನಾಲ್ಕು ದಿನ, 40 ನಿಮಿಷ, ಆರು ತಿಂಗಳು. ಮಳೆಗಾಲದಲ್ಲಿ ಹೊರಗೆ ಹೋಗಲಾಗುವುದಿಲ್ಲ ನಿಜ, ಆಗ ಜಗಲಿಯಲ್ಲೇ ಬಿರುಸಾಗಿ ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ.

ಇನ್ನೊಂದು ಸಣ್ಣ ವ್ಯಾಯಾಮ ಇದೆ. ಮೂತ್ರ ಮಧ್ಯದಲ್ಲಿ ತಡೆಯಲು ಯಾವ ಭಾಗವನ್ನು ಬಿಗಿ ಹಿಡಿಯುತ್ತೀರೋ ಅದನ್ನು ಐದು ಸೆಕೆಂಡ್ ಬಿಗಿ ಹಿಡಿದು, ಐದು ಸೆಕೆಂಡ್ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬಸ್ಸಿನಲ್ಲಿ ಕೂತೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಮೂತ್ರ ಮಾಡುವಾಗಲೇ ದಿನಾ ಮಾಡಬೇಡಿ. ಫಲ ಕಾಣಲು ಮೂರು ತಿಂಗಳಾದರೂ ಬೇಕು.

ಕುಡಿತದ ಬಗ್ಗೆ ಉದ್ದ ಭಾಷಣ ಬೇಡ. ಧೈರ್ಯಕ್ಕೆ ಅಂತ ಹಾಕುವ ಕ್ವಾರ್ಟರ್ ಆಸೆ ಏರಿಸಿ ನಿಮಿರುವಿಕೆ ಇಳಿಸುತ್ತದೆ.

ಮಾತ್ರೆ: ಯಾವುದು, ಹೇಗೆ, ಯಾರಿಗೆ ಕೂಡದು

ಎದೆನೋವಿಗೆ ಅಂತ ಪ್ರಯೋಗ ಮಾಡುತ್ತಿದ್ದ ಔಷಧಿ ಸಿಲ್ಡೆನಾಫಿಲ್. ಎದೆನೋವಿಗೆ ಅಷ್ಟೇನೂ ಕೆಲಸ ಮಾಡಲಿಲ್ಲ, ಈ ಕಡೆ ಕೆಲಸ ಮಾಡಿತು. 1998ರಲ್ಲಿ ವಯಾಗ್ರ ಅನ್ನುವ ಹೆಸರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಹತ್ತಾರು ಕಂಪನಿಗಳು ಬೇರೆ ಬೇರೆ ಹೆಸರಲ್ಲಿ ಮಾಡುತ್ತವೆ. ಇನ್ನೊಂದು ಟಡಾಲಾಫಿಲ್. ನಾಳ ಸಡಿಲವಾಗಿರಲು ಬೇಕಾದ ವಸ್ತುವನ್ನು ದೇಹ ಬೇಗ ಒಡೆದು ಹಾಕದಂತೆ ತಡೆಯುವುದು ಇವುಗಳ ಕೆಲಸ. ಆಸೆ ಹುಟ್ಟಿಸುವುದಿಲ್ಲ. ಮಾತ್ರೆ ನುಂಗಿ ಟಿವಿ ನೋಡುತ್ತಾ ಕೂತರೆ ಏನೂ ಆಗುವುದಿಲ್ಲ.

ಸಿಲ್ಡೆನಾಫಿಲ್ 25, 50, 100 ಮಿಲಿಗ್ರಾಂಗಳಲ್ಲಿ ಬರುತ್ತದೆ. ಸಾಮಾನ್ಯವಾಗಿ 50ರಿಂದ ಶುರು, ವಯಸ್ಸಾದವರಿಗೆ 25. ಬೇಕಾದಾಗ, ಒಂದು ಗಂಟೆ ಮೊದಲು, ದಿನಕ್ಕೆ ಒಂದೇ ಸಲ. ಹೊಟ್ಟೆ ತುಂಬ ಜಿಡ್ಡಿನ ಊಟ ಮಾಡಿ ತಗೊಂಡರೆ ತಡವಾಗಿ, ಕಮ್ಮಿಯಾಗಿ ಕೆಲಸ ಮಾಡುತ್ತದೆ. ಬಾಡೂಟದ ರಾತ್ರಿ ತಗೊಂಡು ‘ಮಾತ್ರೆ ಡೂಪ್ಲಿಕೇಟ್’ ಅನ್ನುವವರು ಇದ್ದಾರೆ. ಟಡಾಲಾಫಿಲ್‌ಗೆ ಊಟದ ಚಿಂತೆಯಿಲ್ಲ, ಪರಿಣಾಮ 36 ಗಂಟೆವರೆಗೂ ಇರಬಹುದು. ಬೇಕಾದಾಗ 10 ಅಥವಾ 20, ಇಲ್ಲವೇ ದಿನಾ 5 ಮಿಲಿಗ್ರಾಂ. ಗಡಿಯಾರ ನೋಡಿಕೊಂಡು ಸಂಸಾರ ಮಾಡುವುದು ಇಷ್ಟವಿಲ್ಲದವರಿಗೆ ಇದು ಅನುಕೂಲ ಅಂತ ನನ್ನ ಅಭಿಪ್ರಾಯ. ಯಾವುದು ನಿಮಗೆ ಅನ್ನುವುದು ಡಾಕ್ಟರು ಹೇಳಬೇಕಾದದ್ದು. ಎರಡಕ್ಕೂ ಡಾಕ್ಟರ ಚೀಟಿ ಬೇಕು, ಕಾನೂನೂ ಹಾಗೇ ಇದೆ. ಊರ ಅಂಗಡಿಯಲ್ಲಿ ಮುಜುಗರವಾದರೆ ಶಿವಮೊಗ್ಗಕ್ಕೆ ಹೋದಾಗ ದುರ್ಗಿಗುಡಿಯಲ್ಲೋ ಬಿ.ಎಚ್. ರಸ್ತೆಯಲ್ಲೋ ಕೊಂಡು ತನ್ನಿ.

ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ಎದೆಯುರಿ ಬರಬಹುದು. ಸಿಲ್ಡೆನಾಫಿಲ್‌ನಿಂದ ಸ್ವಲ್ಪ ಹೊತ್ತು ಎಲ್ಲ ನೀಲಿಯಾಗಿ ಕಾಣುವುದುಂಟು, ಟಡಾಲಾಫಿಲ್‌ನಿಂದ ಬೆನ್ನುನೋವು. ಇವು ತಾನಾಗಿ ಹೋಗುತ್ತವೆ. ಒಂದು ಸಲ ತಗೊಂಡು ಕೆಲಸ ಮಾಡಲಿಲ್ಲ ಅಂತ ಬಿಡಬೇಡಿ. ಸರಿಯಾದ ಪ್ರಮಾಣದಲ್ಲಿ ಆರೇಳು ಸಲ ನೋಡಿದ ಮೇಲೆ ತೀರ್ಮಾನ. ಶುಗರ್ 300ರಲ್ಲಿ ಇಟ್ಟುಕೊಂಡು ಮಾತ್ರೆಯನ್ನು ಬೈದರೂ ಪ್ರಯೋಜನವಿಲ್ಲ.

ಈಗ ಬಹಳ ಗಮನವಿಟ್ಟು ಓದಬೇಕಾದ ಭಾಗ. ಹೃದಯದ ತೊಂದರೆಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಗೊತ್ತಲ್ವಾ? ನಮ್ಮ ಕಡೆ ಒಂಟಿ ಮನೆಗಳಲ್ಲಿ, ಆಸ್ಪತ್ರೆ ದೂರ ಅಂತ, ಅಜ್ಜನ ಹೆಸರಲ್ಲಿ ಒಂದು ಸ್ಟ್ರಿಪ್ ಕಪಾಟಿನಲ್ಲಿ ಇಟ್ಟಿರುತ್ತಾರೆ. ಅದು ನೈಟ್ರೇಟ್ ಜಾತಿಯ ಔಷಧಿ. ನೈಟ್ರೇಟ್ ಮತ್ತು ಈ ಮಾತ್ರೆಗಳು ಒಟ್ಟಿಗೆ ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವ ಹೋಗಬಹುದು. ದಿನಾ ನೈಟ್ರೇಟ್ ಅಥವಾ ನಿಕೊರಾಂಡಿಲ್ (ಇದೂ ಎದೆನೋವಿನ ಮಾತ್ರೆ) ತಗೊಳ್ಳುವವರು ಈ ಮಾತ್ರೆಗಳನ್ನು ಮುಟ್ಟಲೇಬಾರದು. ಸಿಲ್ಡೆನಾಫಿಲ್ ತಗೊಂಡ 24 ಗಂಟೆ, ಟಡಾಲಾಫಿಲ್ ತಗೊಂಡ 48 ಗಂಟೆ ಸಾರ್ಬಿಟ್ರೇಟ್ ಕೂಡದು. ಮಾತ್ರೆ ತಗೊಂಡ ರಾತ್ರಿ ಎದೆನೋವು ಬಂದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸಿನವರಿಗೂ ಡಾಕ್ಟರಿಗೂ ‘ಇಷ್ಟು ಗಂಟೆಗೆ ಈ ಮಾತ್ರೆ ತಗೊಂಡಿದ್ದೇನೆ’ ಅಂತ ಮೊದಲ ಮಾತಿನಲ್ಲೇ ಹೇಳಿ. ಹೆಂಡತಿಗೆ ಈ ವಿಷಯ ಗೊತ್ತಿರಬೇಕು. ನೀವು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಹೇಳಬೇಕಾದವಳು ಅವಳೇ. ಕದ್ದು ತಗೊಳ್ಳುವ ಮಾತ್ರೆಯ ದೊಡ್ಡ ಅಪಾಯ ಇದು.

ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಆದವರು, ಬಿಪಿ ಬಹಳ ಕಮ್ಮಿ ಇರುವವರು, ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ತಗೊಳ್ಳಬಾರದು. ತೋಟದಿಂದ ಮನೆಗೆ ದರೆ ಹತ್ತುವಾಗ ಎದೆ ಹಿಡಿಯುತ್ತದೆ, ಉಸಿರು ಸಿಗುವುದಿಲ್ಲ ಅನ್ನುವವರು ಮೊದಲು ಹೃದಯ ತೋರಿಸಿಕೊಳ್ಳಿ. ನಿಮಿರಿದ್ದು ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ನಾಚಿಕೆ ಬಿಟ್ಟು ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾದರೆ ಒಳಗಿನ ಭಾಗ ಶಾಶ್ವತವಾಗಿ ಕೆಡುತ್ತದೆ.

ಹೊಸದಾಗಿ ಮದುವೆಯಾದವರಿಗೆ

ಇಪ್ಪತ್ತೆಂಟು ವರ್ಷದ ಹುಡುಗ, ಶುಗರಿಲ್ಲ, ಬಿಪಿಯಿಲ್ಲ. ಮದುವೆಯ ಓಡಾಟ, ಮನೆ ತುಂಬ ನೆಂಟರು, ಹಲಗೆ ಗೋಡೆಯ ಆಚೆ ಕೋಣೆಯಲ್ಲಿ ದೊಡ್ಡಮ್ಮ ಕೆಮ್ಮಿದ್ದು ಕೇಳುತ್ತದೆ. ಮೊದಲ ರಾತ್ರಿ ಆಗಲಿಲ್ಲ. ಮರುದಿನ ಅದೇ ಭಯ, ಮತ್ತೆ ಆಗಲಿಲ್ಲ. ಇದಕ್ಕೆ ಒಳ್ಳೆಯ ಉಪಾಯ ಒಂದಿದೆ: ಎರಡು ವಾರ ಸಂಭೋಗ ಬೇಡವೇ ಬೇಡ ಅಂತ ಇಬ್ಬರೂ ಮಾತಾಡಿಕೊಳ್ಳುವುದು. ಮುಟ್ಟುವುದು, ಅಪ್ಪಿಕೊಳ್ಳುವುದು, ಮಾತು, ಅಷ್ಟೇ. ಪರೀಕ್ಷೆಯೇ ಇಲ್ಲ ಅಂದಮೇಲೆ ಫೇಲಾಗುವ ಭಯವೂ ಇಲ್ಲ. ಎಷ್ಟೋ ಜೋಡಿಗಳಿಗೆ ಇಷ್ಟೇ ಸಾಕಾಗುತ್ತದೆ. ನಾಲ್ಕು ದಿನ ಮನೆಯಿಂದ ಹೊರಗೆ ಎಲ್ಲಾದರೂ ಹೋಗಿ ಬಂದರೆ ಇನ್ನೂ ಒಳ್ಳೆಯದು.

ಹೆಂಡತಿಗೆ ಏನೂ ಹೇಳದೆ ಗೋಡೆ ಕಡೆ ತಿರುಗಿ ಮಲಗಿದರೆ ಅವಳಿಗೆ ಅರ್ಥವಾಗುವುದು ಒಂದೇ: ‘ನಾನು ಇವರಿಗೆ ಇಷ್ಟವಿಲ್ಲ.’ ಆಮೇಲೆ ಅದು ಎರಡು ಮನೆಗಳ ಪಂಚಾಯಿತಿಯಾಗುತ್ತದೆ. ‘ನಿನ್ನಿಂದಲ್ಲ, ನನಗೇ ಏನೋ ತೊಂದರೆ, ಡಾಕ್ಟರಿಗೆ ತೋರಿಸೋಣ’ ಅಂತ ಒಂದು ಮಾತು ಹೇಳಿ. ಸಾಲ, ಎಲೆಚುಕ್ಕಿ ರೋಗಕ್ಕೆ ಹಾಳಾದ ತೋಟ, ಕೆಲಸದ ಚಿಂತೆ ಮನಸ್ಸು ಕುಗ್ಗಿಸಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಹೆಸರು ಹೇಳಬೇಕೆಂದಿಲ್ಲ.

ಗ್ಯಾರಂಟಿ ಕೊಡುವವರ ಬಗ್ಗೆ

ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ಜಾಹೀರಾತು ಕೊಟ್ಟವನು ಅನ್ನುವುದೇ ಅವನ ಬಗ್ಗೆ ಸಾಕಷ್ಟು ಹೇಳುತ್ತದೆ. ‘ಶುದ್ಧ ಗಿಡಮೂಲಿಕೆ’ ಅಂತ ಮಾರುವ ಎಷ್ಟೋ ಪುಡಿಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಬೆರೆಸಿರುವುದು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆಯಿಂದ ಪತ್ತೆಯಾಗಿದೆ. ಪುಡಿ ಕೆಲಸ ಮಾಡುವುದೂ ಅದಕ್ಕೇ, ಸಾರ್ಬಿಟ್ರೇಟ್ ತಗೊಳ್ಳುವವರಿಗೆ ಅಪಾಯವಾಗುವುದೂ ಅದಕ್ಕೇ. ಗೊತ್ತಿಲ್ಲದ ಭಸ್ಮಗಳಲ್ಲಿ ಸೀಸ, ಪಾದರಸ ಇರಬಹುದು. ನಮ್ಮ ನಾಟಿ ವೈದ್ಯರ ಮೇಲೆ ನನಗೆ ಗೌರವವಿದೆ. ಆದರೆ ಲಾಡ್ಜಿನ ರೂಮಿನಲ್ಲಿ ಕೂತು ಮೂವತ್ತು ಸಾವಿರದ ಕೋರ್ಸ್ ಮಾರುವವನು ನಾಟಿ ವೈದ್ಯನಲ್ಲ.

ಮಾತ್ರೆಯೂ ಆಗದಿದ್ದರೆ

ದಾರಿ ಅಲ್ಲಿಗೆ ಮುಗಿಯುವುದಿಲ್ಲ. ಮೂತ್ರರೋಗ ತಜ್ಞರ ಹತ್ತಿರ ಇನ್ನೂ ಮೂರು ಉಪಾಯಗಳಿವೆ. ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪು: ರಕ್ತ ಎಳೆದು ತಂದು ಬುಡಕ್ಕೆ ರಬ್ಬರ್ ರಿಂಗ್ ಹಾಕುತ್ತಾರೆ, ರಿಂಗ್ ಅರ್ಧ ಗಂಟೆಗಿಂತ ಜಾಸ್ತಿ ಇಡಬಾರದು. ಲಿಂಗಕ್ಕೇ ಕೊಡುವ ಸಣ್ಣ ಸೂಜಿಯ ಇಂಜೆಕ್ಷನ್: ಕೇಳಿದರೆ ಭಯ, ಆದರೆ ಡಾಕ್ಟರು ಒಮ್ಮೆ ಕಲಿಸಿಕೊಟ್ಟರೆ ಮನೆಯಲ್ಲೇ ತಗೊಳ್ಳಬಹುದು, ನೈಟ್ರೇಟ್ ತಗೊಳ್ಳುವವರಿಗೂ ಆಗಬಹುದು. ಕೊನೆಯದು ಆಪರೇಷನ್ ಮಾಡಿ ಒಳಗೆ ಇಂಪ್ಲಾಂಟ್ ಕೂರಿಸುವುದು, ಇದಕ್ಕೆ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಕಾಗಬಹುದು. ಒಮ್ಮೆ ಕೂರಿಸಿದ ಮೇಲೆ ಸಹಜವಾಗಿ ನಿಮಿರುವ ದಾರಿ ಮುಚ್ಚಿದ ಹಾಗೆಯೇ. ಹಾಗಾಗಿ ಮೊದಲಿನದ್ದೆಲ್ಲ ನೋಡಿ ಆದ ಮೇಲೆ ಮಾತ್ರ ಇದು. ಖರ್ಚು ಎಷ್ಟು, ಇಂಪ್ಲಾಂಟ್ ಬಗ್ಗುವ ಕಡ್ಡಿಯದ್ದೋ ಒಳಗಿನ ಪಂಪಿನಿಂದ ಉಬ್ಬುವಂಥದ್ದೋ, ಸೋಂಕು ಆದರೆ ಏನು, ಕೆಟ್ಟರೆ ಮತ್ತೆ ತೆಗೆಯಬೇಕಾ, ಈ ನಾಲ್ಕನ್ನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಸರ್ಜನ್‌ಗೆ ಕೇಳಿ.